ಹುಳು ಮನೆಯಲ್ಲಿ ವಿಮಾನ

ನಮ್ಮ ವಿಮಾನ ಯಾವಾಗ ಮುಗಿಯುತ್ತದೆ ಎಂದು ಯಾರು ಕೇಳಿದರೂ ನಾನು ಕೊಡುತ್ತಿದ್ದ ಉತ್ತರ ಒಂದೇ: "ಹುಳ ಹಣ್ಣಾಗಲಿ, ನೋಡೋಣ." ಕೇಳಿದವರು ನನಗೆ ತಲೆ ಕೆಟ್ಟಿದೆ ಅಂದುಕೊಂಡು ಹೋಗುತ್ತಿದ್ದರು. ತಲೆ ಸರಿಯಾಗೇ ಇತ್ತು. ತಾಪತ್ರಯವೆಲ್ಲ ಜಾಗದ್ದು.

ಕೆ.ಆರ್. ಪೇಟೆಯಲ್ಲಿ ನನ್ನದೊಂದು ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ. ಮನೆ ಹೊಣಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಮೈಸೂರಿಗೆ ಹೋಗಿ ವಿಮಾನ ಓಡಿಸುವುದನ್ನು ಕಲಿತ ಮೇಲೆ ಕೈ ಸುಮ್ಮನಿರಲಿಲ್ಲ. ಮನೆಯಲ್ಲೇ ಜೋಡಿಸಿಕೊಳ್ಳುವಂಥ ಒಂದು ಪುಟ್ಟ ವಿಮಾನದ ಸಾಮಾನು ತರಿಸಿದೆ. ಪೆಟ್ಟಿಗೆಗಳು ಲಾರಿಯಿಂದ ಇಳಿದಾಗ ಅಷ್ಟುದ್ದದ ಜಾಗ ಇದ್ದದ್ದು ಒಂದೇ ಕಡೆ: ಅವ್ವ ರೇಷ್ಮೆ ಹುಳು ಸಾಕುವ ಹುಳು ಮನೆಯಲ್ಲಿ.

ಅವ್ವ ಅರ್ಧ ಬಿಟ್ಟುಕೊಟ್ಟಳು. ಆದರೆ ಹುಳು ಇರುವಷ್ಟು ದಿನ ಅಂಟಿನ ಡಬ್ಬಿಯಾಗಲಿ ಬಣ್ಣದ ಡಬ್ಬಿಯಾಗಲಿ ತೆರೆಯುವಂತಿಲ್ಲ. ಆ ಘಾಟು ಹುಳುವಿಗೆ ಆಗುವುದಿಲ್ಲ. ಬೀಡಿ ಸೇದಿ ಬಂದ ಅಪ್ಪನನ್ನೇ ಬಾಗಿಲಲ್ಲಿ ತಡೆಯುವವಳು ನನ್ನನ್ನು ಬಿಡುತ್ತಾಳೆಯೇ? ಹಾಗಾಗಿ ಹುಳು ಹಣ್ಣಾಗಿ ಗೂಡು ಕಟ್ಟಿ, ಆ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಬೆಳೆಯ ಮರಿಹುಳು ಬರುವ ತನಕ, ಮನೆಮಂದಿಯೆಲ್ಲ ವಿಮಾನದ ಮೇಲೆ ಬೀಳುತ್ತಿದ್ದೆವು. ಅಪ್ಪ ಬೋಲ್ಟುಗಳನ್ನು ತಟ್ಟೆಯಲ್ಲಿ ವಿಂಗಡಿಸಿ ಕೊಡುತ್ತಿದ್ದ. ಅಂಟಿಸಿದ ರೆಕ್ಕೆಯ ಬಟ್ಟೆ ಬಿಗಿಯಾಗಬೇಕಾದರೆ ಅದರ ಮೇಲೆ ಇಸ್ತ್ರಿ ಎಳೆಯಬೇಕು. ಅದು ನನ್ನ ಹೆಂಡತಿಯ ಪಾಲಿಗೆ ಬಂತು. "ನಿಮ್ಮ ಮದ್ವೆ ಷರಟಿಗೂ ಇಷ್ಟು ಉಪಚಾರ ಆಗಿರ್ನಿಲ್ಲ" ಎಂದು ಅವಳು ಪ್ರತಿ ಸಲವೂ ಹೇಳುತ್ತಿದ್ದಳು.

ಹೊಲಿಗೆಗೆ ಘಾಟಿಲ್ಲವಲ್ಲ, ಅದು ಹುಳುವಿದ್ದಾಗಲೂ ನಡೆಯಿತು. ರೆಕ್ಕೆಯ ಬಟ್ಟೆಯನ್ನು ಒಳಗಿನ ಪಟ್ಟಿಗಳಿಗೆ ಗಂಟು ಹಾಕಿ ಹಾಕಿ ಹೊಲಿಯಬೇಕು. ಗೋಣಿಚೀಲ ಹೊಲಿಯುವ ದಬ್ಬಳ ಅವ್ವನ ಕೈಯಲ್ಲಿ ಆಡಿದ್ದೇ. ಹುಳುವಿಗೆ ಸೊಪ್ಪು ಹಾಕಿ ಬಂದು ರೆಕ್ಕೆಯ ಮುಂದೆ ಕೂರುತ್ತಿದ್ದಳು. ಆದರೆ ನಾನು ಒಂದು ಗಂಟು ಅಂದ ಕಡೆ ಎರಡು ಹಾಕುತ್ತಿದ್ದಳು. ಭಾರ ಜಾಸ್ತಿಯಾಗುತ್ತದೆ ಎಂದು ನಾನು ರೇಗಾಡಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೇ ಗೊತ್ತು.

"ಕೂರಾದು ನೀನು ತಾನೆ? ಬುಡು, ಎರ್ಡೇ ಇರ್ಲಿ" ಅಂದಳು.

ಒಂದು ಬೆಳೆಯಲ್ಲಿ ಮೂಲೆಯಲ್ಲಿ ಉಳಿದುಹೋಗಿದ್ದ ಗೂಡೊಂದು ಒಡೆದು ಚಿಟ್ಟೆ ಹೊರಬಂತು. ರೆಕ್ಕೆ ಪಟಪಟ ಬಡಿಯುತ್ತ ವಿಮಾನದ ಬಟ್ಟೆಯ ಮೇಲೆ ಓಡಾಡಿತೇ ಹೊರತು ಮೇಲೇಳಲಿಲ್ಲ. ರೇಷ್ಮೆ ಚಿಟ್ಟೆ ಹಾರುವುದಿಲ್ಲ, ಅದರ ಹಣೆಬರಹ ಅಷ್ಟು. ಅವ್ವ ಅದನ್ನೇ ನೋಡುತ್ತಿದ್ದಳು.

"ಇದ್ಕೂ ರೆಕ್ಕೆ ಅವೆ ಕಣ್ಲಾ. ಆರ್ತದಾ? ನಿಂದೂ ಅಂಗೇ ಇರ್ಲಿ ಬುಡು. ಇಲ್ಲೇ ಚೆಂದಾಗದೆ."

ನನಗೆ ಮೈ ಉರಿದುಹೋಯಿತು. ಇಷ್ಟು ದಿನ ಹೊಲಿದವಳು ಹೀಗನ್ನುವುದೇ? ಅವಳಿಗೆ ವಿಮಾನ ಬೇಕಿತ್ತು, ನಾನು ಅದರಲ್ಲಿ ಕೂರುವುದು ಬೇಡವಾಗಿತ್ತು. ಅದಾದ ಮೇಲೆ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಪ್ರೊಪೆಲ್ಲರನ್ನು ಕರಿಘಟ್ಟದ ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಲೇಬೇಕು ಎಂದು ಹಟ ಹಿಡಿದಳು. ಜಮಖಾನದಲ್ಲಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಎದುರು ಸಿಕ್ಕವರು ಕೋಲಾಟಕ್ಕಾ ಎಂದು ಕೇಳಿದರು.

ಅನುಮತಿಗಾಗಿ ಅಲೆದದ್ದು ದೊಡ್ಡ ಪುರಾಣ, ಅದು ಇಲ್ಲಿ ಬೇಡ. ಕೊನೆಗೂ ಒಂದು ಬೇಸಿಗೆ, ಕೆರೆ ಒಣಗಿ ಅಂಗಳ ಗಟ್ಟಿಯಾಗಿದ್ದಾಗ, ವಿಮಾನವನ್ನು ಅಲ್ಲಿಗೆ ಎಳೆದುಕೊಂಡು ಹೋದೆವು. ಏರಿಯ ಮೇಲೆ ಊರೇ ಸೇರಿತ್ತು. ಅವ್ವ ಮಾತ್ರ ಇರಲಿಲ್ಲ. ಹುಳು ನಾಲ್ಕನೇ ಜ್ವರದಲ್ಲಿ ಪೊರೆ ಬಿಟ್ಟು ಎದ್ದು ಹಸಿದಿವೆ, ಸೊಪ್ಪು ಕುಯ್ಯಬೇಕು ಎಂದು ಕುಕ್ಕೆ ಹಿಡಿದು ತೋಟಕ್ಕೆ ಹೋಗಿದ್ದಳು.

ಚಕ್ರದ ಸದ್ದು ನಿಂತಾಗಲೇ ನೆಲ ಬಿಟ್ಟಿದ್ದೇನೆ ಎಂದು ಗೊತ್ತಾದದ್ದು. ಅಯ್ಯೋ, ಆ ಖುಷಿಯನ್ನು ಹೇಗೆ ಹೇಳಲಿ. ಏರಿ ದಾಟಿ ತಿರುಗಿದರೆ ಕೆಳಗೆ ನಮ್ಮ ಹಿಪ್ಪುನೇರಳೆ ತೋಟ. ಸಾಲಿನ ನಡುವೆ ಅವ್ವ ಬಗ್ಗಿ ಕುಯ್ಯುತ್ತಿದ್ದಳು. ತಲೆಯ ಮೇಲೇ ಹಾರಿದೆ. ತಲೆ ಎತ್ತಲಿಲ್ಲ. ಇನ್ನೊಂದು ಸುತ್ತು ಹಾಕಿದೆ. ಊಹೂಂ.

ಇಳಿದವನು ಹಾರ ಹಾಕಲು ಬಂದವರನ್ನೂ ಬಿಟ್ಟು ಸೀದಾ ಮನೆಗೆ ಹೋದೆ. ಅಪ್ಪನೂ ಹೆಂಡತಿಯೂ ಹಿಂದೆಯೇ ಓಡಿಬಂದರು. ಅವ್ವ ಆಗಷ್ಟೇ ಕುಕ್ಕೆ ಇಳಿಸುತ್ತಿದ್ದಳು.

"ಯಾಕವ್ವಾ, ಒಂದ್ಸಲಾನೂ ತಲೆ ಎತ್ತಿ ನೋಡ್ನಿಲ್ವಲ್ಲ ನೀನು?"

"ಸೊಪ್ ಕುಯ್ಯಾದು ಬ್ಯಾಡ್ವಾ? ಉಳ ಉಪಾಸ ಇರ್ತವಾ?"

ಹೆಂಡತಿ ಹುಳುವಿಗೆ ಹಾಕಲೆಂದು ಕುಕ್ಕೆಯನ್ನು ಬೋರಲು ಹಾಕಿದಳು. ಹಿಪ್ಪುನೇರಳೆ ಸೊಪ್ಪು ಒಂದೆಲೆಯೂ ಇಲ್ಲ. ಸಾಲುಗಳ ನಡುವೆ ಬಿತ್ತಿದ್ದ ಅಲಸಂದೆಯ ಸೊಪ್ಪು, ಬಳ್ಳಿಯ ಸಮೇತ, ಕುಕ್ಕೆ ತುಂಬ. ಹುಟ್ಟಿದಾಗಿನಿಂದ ರೇಷ್ಮೆ ಸೊಪ್ಪು ಕುಯ್ದವಳು.

ಅಪ್ಪ ನಗಲು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಅವ್ವ ಬಂದು ನನ್ನ ತೋಳು, ಬೆನ್ನು, ತಲೆ ಎಲ್ಲ ಮುಟ್ಟಿ ನೋಡಿದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣಲ್ಲಿ ನೀರು ಬಂತು. ಅವಳು ಖಾಲಿ ಕುಕ್ಕೆ ಎತ್ತಿಕೊಂಡು ಮತ್ತೆ ತೋಟದ ಕಡೆ ಹೊರಟಳು. ನಾನೂ ಹಿಂದೆ ಹೋದೆ. ಬಾಗಿಲು ದಾಟುವಾಗ ತಿರುಗಿ ನೋಡದೆಯೇ ಅಂದಳು:

"ಇನ್ನೊಂದ್ಸಲ ಮ್ಯಾಲಕ್ಕೋಗಾದಾದ್ರೆ ಮುಂದಾಗೇ ನಂಗೆ ಯೋಳು. ಅದ್ಕೂ ಮೊದ್ಲೇ ಸೊಪ್ಪ ಕುಯ್ಕೊಂಡ್ಬುಡ್ತೀನಿ."