ಒಲೆಯ ಬುಡದ ತೂತುಗಳು

ಸಿಂಧನೂರಿನ ನಮ್ಮ ಮನೆಯಿಂದ ಒಂದು ಖಾನಾವಳಿಗೆ ದಿನಾ ಬೆಳಗ್ಗೆ ಎಂಬತ್ತು ಜೋಳದ ರೊಟ್ಟಿ ಹೋಗುತ್ತವೆ. ಹಿಟ್ಟು ನಾದಿ ಕೊಡುವವರು ಅತ್ತೆ, ಬಡಿದು ಬೇಯಿಸುವವಳು ನಾನು. ಮದುವೆಯಾದಾಗಿನಿಂದ, ಹನ್ನೊಂದು ವರ್ಷ, ಇದೇ ಕೆಲಸ. ಎಳವೆಯಲ್ಲಿ ಮುರಿದ ನನ್ನ ಬಲಗೈ ಕಿರುಬೆರಳು ಮಡಚುವುದಿಲ್ಲ, ನೆಟ್ಟಗೆ ಮೇಲೆದ್ದೇ ನಿಂತಿರುತ್ತದೆ. ಮೊದಲ ದಿನ ನನ್ನ ರೊಟ್ಟಿಯ ಮೇಲೆ ಮೂರೇ ಬೆರಳಿನ ಅಚ್ಚು ನೋಡಿ ಅತ್ತೆ, "ಮೂರು ಬೆರಳಿನ ಸೊಸಿ ಸಿಕ್ಕಾಳ ನನಗ," ಎಂದು ನಕ್ಕಿದ್ದರು. ನಾನು ಬಿ.ಎಡ್. ಮುಗಿಸಿ ಬಂದವಳು ಎಂಬುದನ್ನು ಮನೆಯವರು ಮರೆತಿದ್ದರು. ನಾನೂ ಮರೆಯುವುದರಲ್ಲಿದ್ದೆ.

ಅಷ್ಟರಲ್ಲಿ ಬಳಗಾನೂರಿನ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಅದಕ್ಕೆ ಎಂಟೂವರೆಯ ಬಸ್ಸು ಹಿಡಿಯಬೇಕು. ನಮ್ಮ ಕಟ್ಟಿಗೆ ಒಲೆಯ ಮುಂದೆ ಎಂಬತ್ತು ರೊಟ್ಟಿ ಮುಗಿಯುವಾಗ ಒಂಬತ್ತೂವರೆ.

"ರೊಟ್ಟಿ ಮುಗಿಸಿ ಎಲ್ಲಿಗರ ಹೋಗವಾ, ನಾ ಏನ ಅನ್ನಂಗಿಲ್ಲ," ಎಂದರು ಅತ್ತೆ. ಕೇಳಲು ಉದಾರವಾದ ಮಾತು. ನನಗೆ ಮಾತ್ರ ಬಾಗಿಲಿಗೆ ಬೀಗ ಹಾಕಿದ ಸದ್ದು ಕೇಳಿಸಿತು.

ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವ ನನ್ನ ಗಂಡ ಪೆಲೆಟ್ ಒಲೆಯ ಸುದ್ದಿ ತಂದರು. ಭತ್ತದ ಹೊಟ್ಟನ್ನು ಒತ್ತಿ ಮಾಡಿದ ಗಟ್ಟಿ ತುಂಡುಗಳೇ ಪೆಲೆಟ್. ಅತ್ತೆ ಅವಕ್ಕೆ ಗುಳಿಗೆ ಎನ್ನುತ್ತಿದ್ದರು. ಕಬ್ಬಿಣದ ಒಲೆ ಮನೆಗೆ ಬಂದ ದಿನವೇ ನಾನು ಹಳೆಯ ಮಣ್ಣಿನ ಒಲೆಯನ್ನು ಒಡೆದು ಹಾಕಿದೆ. ಹಿಂದಕ್ಕೆ ಹೋಗುವ ದಾರಿ ಇರಬಾರದೆಂಬ ಹಟ. ಮಣ್ಣಿನ ಕಟ್ಟೆಯನ್ನಷ್ಟೇ ಉಳಿಸಿಕೊಂಡು ಅದರ ಮೇಲೆ ಹೊಸ ಒಲೆ ಕೂರಿಸಿದೆವು. ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು ಹೊತ್ತಿಸಿದೆವು. ಉರಿ ಹಂಚನ್ನು ಪೂರ್ತಿ ತಬ್ಬಿಕೊಂಡಿತು. ಏಳೂಮುಕ್ಕಾಲಿಗೆ ಕೊನೆಯ ರೊಟ್ಟಿ ಉಬ್ಬಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗದ್ದೆ ನೋಡುತ್ತ ಹೋದೆ. ಅಷ್ಟು ಸಂತೋಷ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಮರುದಿನ ಎಂದಿನಂತೆ ನಸುಕಿನಲ್ಲೆದ್ದು, ಕಟ್ಟೆ ಸಾರಿಸಿ, ಪೆಲೆಟ್ ಸುರಿದು ಹೊತ್ತಿಸಿದೆ. ಉರಿ ಸ್ವಲ್ಪ ಕುಗ್ಗಿತ್ತು. ಮೂರನೆಯ ದಿನ ಇನ್ನೂ ಸ್ವಲ್ಪ. ನಾಲ್ಕನೆಯ ದಿನ ಹಂಚಿನ ನಡುವೆ ಮಾತ್ರ ಕಾವು. ರೊಟ್ಟಿಯ ಅಂಚು ಹಸಿಯಾಗಿಯೇ ಉಳಿಯುತ್ತಿತ್ತು. ಕಣ್ಣು ಗಡಿಯಾರದ ಮೇಲೆ, ಕೈ ಹಿಟ್ಟಿನಲ್ಲಿ, ಹೊಗೆ ಮೂಗಿನಲ್ಲಿ. ಬಸ್ಸು ತಪ್ಪಿತು.

ಒಲೆ ಮಾರಿದವನಿಗೆ ಫೋನ್ ಮಾಡಿದೆ.

"ಪೆಲೆಟ್ ತ್ಯಾವ ಹಿಡದಿರಬೇಕ್ರೀ ಮೇಡಂ, ಬಿಸಲಿಗೆ ಹಾಕ್ರಿ," ಎಂದ. ಮಾಳಿಗೆಯ ಮೇಲೆ ಹರವಿ ಒಣಗಿಸಿದೆ. ಪ್ರಯೋಜನವಾಗಲಿಲ್ಲ. "ಬೂದಿ ಝಾಡಿಸ್ರಿ," ಎಂದ. ಝಾಡಿಸಿದೆ. "ಗಾಳಿ ಬರಾಕತ್ತೈತೇನ್ರಿ?" ಎಂದು ಕೇಳಿದ. "ಕಿಟಕಿ ತಗದೀನ್ರೀ," ಎಂದೆ. ಯಾವ ಗಾಳಿ ಎಂದು ಅವನೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ," ಎಂದು ಅತ್ತೆ ಹಿಟ್ಟಿನ ಪರಾತದ ಕಡೆಯಿಂದ ಗೊಣಗಿದರು. ಮೈಯೆಲ್ಲ ಉರಿಯಿತು. ಆ ಮನೆಯಲ್ಲಿ ಉರಿ ಎಂಬುದು ಇದ್ದದ್ದು ಆಗ ನನ್ನ ಮೈಯಲ್ಲಿ ಮಾತ್ರ.

ಐದನೆಯ ದಿನವೂ ತಡವಾಯಿತು. "ನಾಳೆಯೂ ಹೀಗೇ ಆದರೆ ನಾನು ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ," ಎಂದರು ಮುಖ್ಯೋಪಾಧ್ಯಾಯರು. ಅವರದೇನೂ ತಪ್ಪಿರಲಿಲ್ಲ. ಹಳೆಯ ಒಲೆಯನ್ನು ನಾನೇ ಒಡೆದಿದ್ದೆ, ಹೊಸದು ಉರಿಯುತ್ತಿರಲಿಲ್ಲ, ರೊಟ್ಟಿ ಬಿಡುವಂತಿರಲಿಲ್ಲ, ಬಸ್ಸು ನಿಲ್ಲುವಂತಿರಲಿಲ್ಲ. ಆ ಎಂಟಡಿ ಅಡುಗೆಮನೆಯ ಗೋಡೆಗಳು ದಿನಕ್ಕಿಷ್ಟು ಒಳಗೆ ಸರಿಯುತ್ತಿವೆ ಎನ್ನಿಸುತ್ತಿತ್ತು.

ಆರನೆಯ ದಿನ ಐವತ್ತು ರೊಟ್ಟಿ ಆಗುವಷ್ಟರಲ್ಲಿ ಉರಿ ಕುಸಿದು ಬರೀ ಹೊಗೆಯಾಯಿತು. ಎಂಟು ಹೊಡೆಯುವುದರಲ್ಲಿತ್ತು. ಕಟ್ಟೆಗೆ ಕೆನ್ನೆ ಹಚ್ಚುವಷ್ಟು ಬಗ್ಗಿ ಒಲೆಯ ಬುಡ ನೋಡಿದೆ. ಮೊದಲ ದಿನ ಬುಡದ ಸುತ್ತ ಸಾಲಾಗಿ ಸಣ್ಣ ತೂತುಗಳಿದ್ದವು, ಗಾಳಿ ಒಳಗೆ ಹೋಗಲೆಂದು. ಈಗ ಒಂದೂ ಕಾಣಲಿಲ್ಲ. ಕೆಮ್ಮಣ್ಣು, ಪದರದ ಮೇಲೆ ಪದರ, ನುಣ್ಣಗೆ ಮೆತ್ತಿಕೊಂಡಿತ್ತು.

ಥಟ್ಟನೆ ಅತ್ತೆಯ ಕಡೆ ತಿರುಗಿದೆ. "ನೀವ ಮುಚ್ಚೀರಲ್ಲ ಅತ್ತಿ? ನಾ ಹೊರಗ ಹೋಗೋದು ನಿಮಗ ಬ್ಯಾಡಾಗಿದ್ರ ಬಾಯಿಬಿಟ್ಟ ಹೇಳಬೇಕಿತ್ತು! ಹಿಂಗ ಉಸಿರ ಕಟ್ಟಿಸಬಾರದಿತ್ತು!" ಹನ್ನೊಂದು ವರ್ಷದಲ್ಲಿ ಅವರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು.

ಅತ್ತೆ ಎದ್ದು ಬಂದರು. ಸೊಂಟ ಹಿಡಿದುಕೊಂಡು ನನ್ನ ಪಕ್ಕದಲ್ಲೇ ಕೂತು ಆ ಮಣ್ಣಿನ ಮೇಲೆ ಬೆರಳಾಡಿಸಿದರು.

"ಬೆರಳಿನ ಗೆರಿ ಎಷ್ಟದಾವ, ಎಣಿಸಬೇ," ಎಂದರು.

ಸಾರಿಸಿದ ಗುರುತು ಒಣಗಿ ಅಚ್ಚಾಗಿತ್ತು. ಎಣಿಸಿದೆ. ಮೂರು. ಪ್ರತಿ ಸುತ್ತಿನಲ್ಲೂ ಮೂರೇ.

ದಿನಾ ನಸುಕಿನಲ್ಲಿ ಕಟ್ಟೆ ಸಾರಿಸುತ್ತಿದ್ದವಳು ನಾನೇ. ಆಗ ತಲೆಯಲ್ಲಿ ಅಂದಿನ ಪಾಠ ಓಡುತ್ತಿರುತ್ತಿತ್ತು. ಕೈ ತನ್ನ ಪಾಡಿಗೆ ಒಲೆಯ ಬುಡದವರೆಗೂ ಹೋಗಿ, ತೂತು ಕಂಡಲ್ಲೆಲ್ಲ ಮಣ್ಣು ಮೆತ್ತಿ ಬರುತ್ತಿತ್ತು.

"ಒಲಿ ಬುಡದಾಗ ಸಂದು ಬಿಡಬಾರದು, ಹೊಗಿ ಬರ್ತೈತಿ ಅಂತ ಕಲಿಸಿದಾಕಿ ನಾನ," ಎಂದರು ಅತ್ತೆ. "ನೀ ಭಾಳ ಚಲೋ ಕಲತಿ."

ತಲೆಯ ಪಿನ್ನು ತೆಗೆದು ಒಂದೊಂದೇ ತೂತು ಕೆದಕಿದೆ. ಅರ್ಧ ಬಿಡಿಸುವಷ್ಟರಲ್ಲೇ ಉರಿ ಭುಗ್ಗೆಂದಿತು. ಅತ್ತೆ ನನ್ನ ಮಣೆಯ ಮೇಲೆ ಕೂತು ಹಿಟ್ಟಿನ ಉಂಡೆ ಎತ್ತಿಕೊಂಡರು. ಇನ್ನೂ ಮೂವತ್ತು ರೊಟ್ಟಿ ಉಳಿದಿದ್ದವು.

"ನಿಮ್ಮ ಸೊಂಟ, ಅತ್ತಿ..."

"ಸೊಂಟ ನಂದು, ಬಸ್ಸು ನಿಂದು. ಏಳು."

ಎದ್ದೆ. ಓಡಿದೆ. ಬಸ್ಸಿನಲ್ಲಿ ಉಗುರಿನ ಸಂದಿಯ ಕೆಮ್ಮಣ್ಣು ಕೀಳುತ್ತ ಅತ್ತುಬಿಟ್ಟೆ. ಅವರ ಮೇಲೆ ಹೊರಿಸಿದ ಮಾತಿಗಾಗಿ ಅತ್ತೆ. ಅವರೇ ಮುಚ್ಚಿದ್ದರೆ ಎಷ್ಟು ಸುಲಭವಿತ್ತು, ಬೈದು ಹೊರಗೆ ಬರಬಹುದಿತ್ತಲ್ಲ ಎಂದೂ ಅತ್ತೆ.

ಕೆಲಸ ಉಳಿಯಿತು. ಈಗಲೂ ಅದೇ ಬಸ್ಸಿಗೆ ಹೋಗುತ್ತೇನೆ. ಕೆಮ್ಮಣ್ಣಿನ ಬೋಗುಣಿಯನ್ನು ಅತ್ತೆ ಅಂದೇ ಅಟ್ಟಕ್ಕೆ ಹಾಕಿಸಿ, ಕಟ್ಟೆಗೆ ಕಡಪಾ ಕಲ್ಲು ಕೂರಿಸಿದರು. ಆದರೂ ದಿನಾ ನಸುಕಿನಲ್ಲಿ ನನ್ನ ಬಲಗೈ ಒಮ್ಮೆ ಬೋಗುಣಿ ಇರುತ್ತಿದ್ದ ಮೂಲೆಗೆ ಹೋಗುತ್ತದೆ. ಏನೂ ಸಿಗದೆ ಹಾಗೇ ಹಿಂದಕ್ಕೆ ಬರುತ್ತದೆ. ಅತ್ತೆ ನೋಡಿಯೂ ನೋಡದವರಂತೆ ಹಿಟ್ಟು ನಾದುತ್ತಿರುತ್ತಾರೆ.