ಎಂಟುನೂರ ಹನ್ನೆರಡನೆಯ ದವಡೆ

ಮೇಲಧಿಕಾರಿಯನ್ನು ಅಕ್ಕನ ಮನೆಗೆ ಕಾಫಿಗೆ ಕರೆದೊಯ್ದದ್ದೇ ಭಾಮೈದ ಮಾಡಿದ ತಪ್ಪು. ಬಡ್ತಿಯ ಆಸೆಗೆ ಬಾಯಲ್ಲಿ ಬೆಲ್ಲ ಸುರಿಸುತ್ತಾ, ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಗೆ ನೋಡದೆ ಕೈಹಾಕಿ, ಸಿಕ್ಕಿದ್ದನ್ನು ತಟ್ಟೆಯಲ್ಲಿಟ್ಟು, "ತಗೊಳ್ಳಿ ಸಾರ್, ನಮ್ಮಕ್ಕ ಮನೇಲೇ ಮಾಡಿದ್ದು" ಎಂದ.

ತಟ್ಟೆಯಲ್ಲಿದ್ದದ್ದು ಪ್ಲಾಸ್ಟರಿನ ಒಂದು ಕೆಳದವಡೆ. ಹದಿಮೂರು ಹಲ್ಲು. ಅಧಿಕಾರಿಗಳು ತಮ್ಮ ಬಾಯಿ ಮುಚ್ಚಿಕೊಂಡರು. ಒಳಗಿನಿಂದ ಹಲ್ಲಿನ ಡಾಕ್ಟರಾದ ಭಾವನ ದನಿ ಬಂತು: "ಯಾರದ್ದು ತೆಗೆದೆ? ಮೇಷ್ಟ್ರದ್ದಾದ್ರೆ ಜೋಪಾನ, ಎಡಗಡೆ ಕೋರೆ ಅಲ್ಲಾಡುತ್ತೆ."

ಬಡ್ತಿ ಅಲ್ಲಿಗೆ ಹಳ್ಳ ಹಿಡಿಯಿತು.

ಈ ಭಾವ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಕುರ್ಚಿ, ಒಂದೇ ದೀಪ ಇಟ್ಟುಕೊಂಡು ಹಲ್ಲು ಕೀಳುತ್ತಿರುವವರು. ಕಟ್ಟಿಸಿಕೊಳ್ಳಲು ಬಂದವರ ಹಲ್ಲಿನ ಅಚ್ಚು ತೆಗೆದು, ಪ್ಲಾಸ್ಟರ್ ಎರೆದು, ಬುಡದಲ್ಲಿ ಮೊಳೆಯಿಂದ ನಂಬರು ಗೀಚಿ ಇಟ್ಟುಕೊಳ್ಳುವುದು ಅವರ ಪದ್ಧತಿ. ಹೆಸರು, ನಂಬರು ಒಂದು ನೋಟ್‌ಬುಕ್ಕಿನಲ್ಲಿ. ಮಿಕ್ಕ ವಿವರವೆಲ್ಲ ಅಚ್ಚಿನಲ್ಲೇ. "ಜನ ಮಾತು ಬದಲಾಯಿಸ್ತಾರೆ, ಮುಖ ಬದಲಾಯಿಸ್ತಾರೆ. ಹಲ್ಲು ಬದಲಾಯಿಸೋಕೆ ನನ್ನ ಹತ್ರಾನೇ ಬರಬೇಕು" ಎನ್ನುತ್ತಿದ್ದರು. ಸುಟ್ಟರೂ ಹೂತರೂ ನೀರಲ್ಲಿ ನೆನೆದರೂ ಹಲ್ಲು ಹಟ ಹಿಡಿದು ಉಳಿಯುವ ವಸ್ತು. ಹಾಗಾಗಿ ಪೊಲೀಸರಿಗೆ ಗುರುತಿಲ್ಲದ ಮೂಳೆ ಎಲ್ಲಿ ಸಿಕ್ಕರೂ ಜೀಪು ಬಂದು ನಿಲ್ಲುತ್ತಿದ್ದುದು ಇವರ ಬಾಗಿಲಿಗೇ.

ಅಚ್ಚುಗಳು ಮಂಚದ ಕೆಳಗೆ ತುಂಬಿ, ಬೀರುವಿನ ಮೇಲೆ ಹತ್ತಿ, ಈಚೆಗೆ ಅಡುಗೆಮನೆಯ ಡಬ್ಬಿಗಳಿಗೂ ಇಳಿದಿದ್ದವು. "ಸಕ್ಕರೆ ಎಲ್ಲಿಡ್ಲಿ? ಇವರ ತಲೆ ಮೇಲಾ?" ಎಂದು ಅಕ್ಕ ದಿನಕ್ಕೆರಡು ಸಲ ಕೇಳುತ್ತಿದ್ದಳು. ಬಿಸ್ಕತ್ತಿನ ಪ್ರಸಂಗವಾದ ಮೇಲೆ ಅಕ್ಕ ತಮ್ಮ ಒಂದಾದರು. ಭಾವ ಎರಡು ದಿನ ಪರವೂರಿಗೆ ಹೋದದ್ದೇ ತಡ, ಆರು ಚೀಲ ದವಡೆ ಮನೆ ಖಾಲಿ ಮಾಡಿದವು. ಎದುರುಮನೆಯಲ್ಲೇ ಇದ್ದ ಭಾಮೈದನ ಗೇಟಿನ ಬಳಿ ಅವನ ಸ್ಕೂಟರನ್ನು ದಿನಾ ಬೀಳಿಸುವ ಒಂದು ಗುಂಡಿಯಿತ್ತು. ಅದಕ್ಕೇ ಎಲ್ಲವನ್ನೂ ಸುರಿದು, ಮಣ್ಣು ಹಾಕಿ, ಕಾಲಲ್ಲಿ ಚೆನ್ನಾಗಿ ತುಳಿದ.

ಭಾವ ಮನೆಗೆ ಕಾಲಿಟ್ಟ ಬೆಳಿಗ್ಗೆಯೇ ಜೀಪು ಬಂತು. ಇನ್‌ಸ್ಪೆಕ್ಟರ ಕೈಯಲ್ಲೊಂದು ಪೆಟ್ಟಿಗೆ, ಹಿಂದೆ ಟೈಲರಮ್ಮ. ಹಳೆಯ ಕಲ್ಲುಗಣಿಯಲ್ಲಿ ಒಬ್ಬ ಗಂಡಸಿನ ಮೂಳೆ ಸಿಕ್ಕಿತ್ತು. ಜೊತೆಗಿದ್ದ ಅಂಗಿಯ ಹೊಲಿಗೆ ಟೈಲರಮ್ಮನದು. ದಾರದ ಉಂಡೆ ತರುತ್ತೇನೆಂದು ಹೋದ ಆಕೆಯ ಗಂಡ ಏಳು ವರ್ಷದಿಂದ ನಾಪತ್ತೆ.

"ಊರಿನ ಅರ್ಧ ಗಂಡಸರು ತೊಡೋದು ನನ್ನ ಹೊಲಿಗೇನೇ, ಡಾಕ್ಟ್ರೇ" ಎಂದಳು ಆಕೆ. "ದೊಡ್ಡ ಪರೀಕ್ಷೆಗೆ ಕಳಿಸಿದ್ರೆ ತಿಂಗಳುಗಟ್ಟಲೆ ಅಂತಾರೆ. ಅವರಾ, ಅಲ್ವಾ, ನೀವು ಹೇಳಿಬಿಡಿ. ಏಳು ವರ್ಷದಿಂದ ಬಾಗಿಲು ಸದ್ದಾದ್ರೆ ಸಾಕು, ಸೂಜಿ ಬೆರಳಿಗೆ ಚುಚ್ಕೋತೀನಿ."

ಭಾವ ನೋಟ್‌ಬುಕ್ಕು ತಿರುವಿದರು. "ಕಾಣೆಯಾಗೋ ಹಿಂದಿನ ತಿಂಗಳು ದವಡೆ ಹಲ್ಲು ಕಟ್ಟಿಸೋಕೆ ಬಂದಿದ್ರು. ಅಚ್ಚು ಕೊಟ್ಟೋರು ತಿರುಗಿ ಬರ್ಲಿಲ್ಲ. ಯಾವ ಕಡೆ ಹಲ್ಲಮ್ಮಾ ಅದು?"

"ನಾನೇನು ಟಾರ್ಚ್ ಹಾಕಿ ನೋಡಿದ್ನಾ?"

"ಸರಿ. ಎಂಟುನೂರ ಹನ್ನೆರಡು ತಗೊಂಡು ಬಾರೇ."

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಸೂರು ನೋಡಿದ.

"ಒಳಗಿಲ್ಲ ಭಾವ. ನಮ್ಮ ಗೇಟಿನ ಹತ್ರ ಇದೆ. ಸ್ವಲ್ಪ ಕೆಳಗೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಭಾವ ಕನ್ನಡಕ ಒರೆಸಿಕೊಂಡು, "ಎಷ್ಟು ಅಡಿ?" ಎಂದರು ಅಷ್ಟೆ.

ಗುದ್ದಲಿಯ ಮೊದಲ ಏಟಿಗೇ ಒಂದು ದವಡೆ ಮೂರು ಹೋಳಾಯಿತು. ಭಾವ ಹೋಳುಗಳನ್ನೆತ್ತಿ, ಬುಡದ ನಂಬರು ನೋಡಿ, ಜೇಬಿಗೆ ಹಾಕಿಕೊಂಡರು. ಆಮೇಲೆ ಭಾಮೈದ ಗುದ್ದಲಿ ಬಿಟ್ಟು ಚಮಚ ಹಿಡಿದ. ಆಫೀಸಿನ ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿ, ಒಂದೊಂದೇ ದವಡೆಯ ಮಣ್ಣು ಉಫ್ ಎಂದು ಊದಿ ನಂಬರು ಓದತೊಡಗಿದ. ಅಕ್ಕನ ಹಿಟ್ಟಿನ ಜರಡಿ ಇನ್‌ಸ್ಪೆಕ್ಟರ ಕೈ ಸೇರಿತ್ತು. ಗುಂಡಿಯ ಅಂಚಿನಲ್ಲಿ ಕೂತ ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅವಳತ್ತ ತಲೆಯೆತ್ತಿ ನೋಡುವ ಧೈರ್ಯ ಭಾಮೈದನಿಗೆ ಬರಲಿಲ್ಲ.

ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಕತ್ತು ಚಾಚಿದರು. "ಏನ್ರೀ ಹುಡುಕ್ತಿದೀರಿ?"

"ಒಂದು ದವಡೆ."

"ನಿಮ್ದಾ?"

ಎಂಟುನೂರ ಇಪ್ಪತ್ತೊಂದು ಸಿಕ್ಕಾಗ ಅವನ ಎದೆ ಒಮ್ಮೆ ಹಾರಿ ಮತ್ತೆ ಕೂತಿತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಎಂಟುನೂರ ಹನ್ನೆರಡು ಸಿಕ್ಕಿತು. ಮುಂದಿನ ಹಲ್ಲುಗಳು ಮುಕ್ಕಾಗಿದ್ದವು. ದವಡೆಯ ಎರಡು ಪಕ್ಕವೂ ನೆಟ್ಟಗಿದ್ದವು.

ಭಾವ ಮೂಳೆಯ ದವಡೆಯನ್ನೂ ಅಚ್ಚನ್ನೂ ಮುಂದಿನ ಕೋಣೆಯ ದೀಪದ ಕೆಳಗೆ ಅಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು, ಕಾಫಿ ಆರಿ ತಣ್ಣಗಾಗುವಷ್ಟು ಹೊತ್ತು ನೋಡಿದರು.

"ಅಚ್ಚಲ್ಲಿ ಬಲಗಡೆ ಎರಡು ದವಡೆ ಹಲ್ಲಿಲ್ಲ. ಇಲ್ಲಿ ಎರಡೂ ಇವೆ, ಬೇರು ಸಮೇತ."

"ಅಂದ್ರೆ?" ಎಂದರು ಇನ್‌ಸ್ಪೆಕ್ಟರು.

"ಈ ವಯಸ್ಸಲ್ಲಿ ಕಿತ್ತ ಹಲ್ಲು ಮತ್ತೆ ಹುಟ್ಟಲ್ಲ. ಇವರು ಅವರಲ್ಲ."

ಟೈಲರಮ್ಮ ಗೋಡೆ ಹಿಡಿದುಕೊಂಡಳು. ಅಳು ಬರುತ್ತದೆಂದು ಅಕ್ಕ ನೀರಿನ ಲೋಟ ಹಿಡಿದು ಓಡಿಬಂದರೆ, ಬಂದದ್ದು ನಗುವೋ ಅಳುವೋ ತಿಳಿಯದ ಒಂದು ಸದ್ದು. "ಅಂದ್ರೆ ಎಲ್ಲೋ ಕೂತು ಎಡಗಡೇಲೇ ಅಗೀತಿದಾನೆ! ಸಿಗ್ಲಿ, ಮಿಕ್ಕಿದ್ದನ್ನ ನಾನೇ ಉದುರಿಸ್ತೀನಿ!" ಎಂದು ನೀರನ್ನು ಗಟಗಟನೆ ಕುಡಿದು, ಕಣ್ಣೊರೆಸಿಕೊಂಡು, ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದೇನೆಂದು ಹೊರಟೇಹೋದಳು.

"ಹಾಗಾದ್ರೆ ಇವನು ಯಾರು?" ಇನ್‌ಸ್ಪೆಕ್ಟರು ಪೆಟ್ಟಿಗೆ ನೋಡಿದರು.

"ಈ ಊರಲ್ಲೇ ಅಂಗಿ ಹೊಲಿಸಿದಾನೆ ಅಂದ್ಮೇಲೆ ಇಲ್ಲೇ ಹಲ್ಲೂ ತೋರಿಸಿರಬಹುದು. ಮಿಕ್ಕ ಅಚ್ಚೂ ತೆಗೀಬೇಕು."

ಭಾಮೈದ ಮತ್ತೆ ಗುಂಡಿಗಿಳಿದ. ಸಂಜೆಯ ಹೊತ್ತಿಗೆ ಸೊಂಟ ಬಿಲ್ಲಾಗಿತ್ತು. ಅಂಗಳದಲ್ಲಿ ತೊಳೆದ ದವಡೆಗಳು ಸಾಲಾಗಿ ಕೂತು ಅವನನ್ನೇ ನೋಡಿ ನಗುತ್ತಿದ್ದವು. ಭಾವನನ್ನು ಸ್ವಲ್ಪ ಒಲಿಸಿಕೊಳ್ಳೋಣವೆಂದು ಅವನು ಕೇಳಿದ:

"ಭಾವ, ನಾಳೆ ನಾನೆಲ್ಲಾದ್ರೂ ಕಾಣೆಯಾದ್ರೆ ನೀವು ಕಂಡುಹಿಡೀತೀರಲ್ವಾ? ನನ್ನ ಅಚ್ಚೂ ಇದೆ ತಾನೇ?"

ಭಾವ ಜೇಬಿನಿಂದ ಮೂರು ಹೋಳು ತೆಗೆದು ಅವನ ಅಂಗೈಯಲ್ಲಿಟ್ಟರು.

"ಇತ್ತು. ಬೆಳಿಗ್ಗೆ ಮೊದಲನೇ ಏಟು ಹಾಕಿದ್ಯಲ್ಲ, ಅದೇ."