ಪೊಲೀಸರಿಗೆಂದು ತುಂಬಿದ ಉಡಿ

ನಸುಕಿನಲ್ಲಿ ನೀರು ತುಂಬಿದೆ. ಅಂಗಳ ಗುಡಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಪುಂಡಿ ಸೊಪ್ಪು ಸೋಸಿಟ್ಟೆ. ಆಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಪ್ಪಸದ ಖಣ ತಟ್ಟೆಯಲ್ಲಿ ಜೋಡಿಸಿದೆ.

ತಟ್ಟೆ ಪೊಲೀಸರಿಗೆ ತೋರಿಸಲಿಕ್ಕೆ. ನಮ್ಮ ಮಹಿಳಾ ಸಂಘದ ಸಭೆಗೆ ಗದಗಿನಲ್ಲಿ ಯಾರೂ ಜಾಗ ಕೊಡುತ್ತಿರಲಿಲ್ಲ. ಪೊಲೀಸರ ಪರವಾನಗಿ ಇಲ್ಲದೆ ಸಭೆ ಸೇರಬಾರದೆಂಬ ಆಜ್ಞೆ ಇತ್ತು. ಪರವಾನಗಿ ಕೇಳಿದರೆ ನಾಳೆ ಬಾ ಎನ್ನುತ್ತಿದ್ದರು; ಕೇಳದೆ ಕೂತರೆ ಕೇಸು. ಉಡಿ ತುಂಬಲು ಯಾರ ಪರವಾನಗಿಯೂ ಬೇಡ. ಹಾಗಾಗಿ ಓಣಿಗೆಲ್ಲ ಉಡಿ ತುಂಬುವುದಿದೆ ಎಂದು ಹೇಳಿ, ಬೆಟಗೇರಿಯ ನಮ್ಮ ಮನೆಯಲ್ಲೇ ಸೇರಿದೆವು. ಮುಂಡರಗಿಯ ಗಂಡನ ಮನೆಯಲ್ಲಿ ಹೊಡೆತ ತಿಂದು ಓಡಿಬಂದ ಹುಡುಗಿಯೊಬ್ಬಳಿದ್ದಳು. ಅವಳನ್ನು ಏನು ಮಾಡುವುದು ಎಂಬುದಕ್ಕೇ ಸಭೆ. ನೋಡಿದವರು ನಂಬಲೆಂದು ಅವಳನ್ನೇ ಮಣೆಯ ಮೇಲೆ ಕೂರಿಸಿ ಉಡಿ ತುಂಬಿದೆವು.

ಪೊಲೀಸರ ಕಡೆ ನೋಡುತ್ತ ಓಣಿಯನ್ನು ಮರೆತಿದ್ದೆವು. ತವರಿಂದ ಗಂಡನ ಮನೆಗೆ ಕಳಿಸುವಾಗಲೂ ಉಡಿ ತುಂಬುತ್ತಾರಲ್ಲ! ಹುಡುಗಿಗೆ ಉಡಿ ತುಂಬುತ್ತಾರೆಂಬ ಖಬರು ಓಣಿಯಿಂದ ಮುಂಡರಗಿಗೆ ಮುಟ್ಟಿತ್ತು. ಮಧ್ಯಾಹ್ನ ಅವಳ ಅತ್ತೆ ಜೀಪು ಮಾಡಿಕೊಂಡು ಬಂದಿಳಿದಳು. ಬೆನ್ನಿಗೇ ಹವಾಲ್ದಾರ.

"ಚಲೋ ಆತು ನೋಡ್ರಿ, ಬುದ್ಧಿ ಹೇಳಿ ಕಳಸಾಕತ್ತೀರಿ," ಎಂದಳು ಅತ್ತೆ. "ಏಳವಾ, ಗಾಡಿ ನಿಂತೈತಿ."

ಹವಾಲ್ದಾರ ಬಾಗಿಲಲ್ಲೇ ನಿಂತ. "ಉಡಿ ತುಂಬೂದೋ, ಮೀಟಿಂಗೋ? ಖರೆ ಹೇಳ್ರಿ ಅಕ್ಕಾರ."

ಉಡಿ ಎಂದರೆ ಹುಡುಗಿ ಹೋಗಬೇಕು. ಮೀಟಿಂಗ್ ಎಂದರೆ ನಮ್ಮೆಲ್ಲರ ಮೇಲೆ ಕೇಸು. ಪಕ್ಕದ ಮನೆಯ ಅಜ್ಜಿ, "ಒಳಗ ಬಾರಪಾ, ಕುಂಡ್ರು. ನಿನಗೂ ಒಂದೀಟು ತುಂಬತೇವಿ," ಎಂದಳು. ಯಾರೂ ನಗಲಿಲ್ಲ. ನನಗೆ ಹೆದರಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಗಿರಣಿಯಿಂದ ಹಿಟ್ಟು ತರಬೇಕಲ್ಲ ಎಂದಷ್ಟೇ ನೆನಪಾಯಿತು.

ಹುಡುಗಿ ಎದ್ದಳು. ಸೆರಗಿನ ಅಕ್ಕಿಯನ್ನೆಲ್ಲ ತಟ್ಟೆಗೆ ಸುರಿದಳು.

"ಮೀಟಿಂಗ್ ಐತ್ರಿ. ನನ್ನ ಸಲವಾಗೇ ಕೂಡ್ಯಾರ. ನಾ ಹೋಗಂಗಿಲ್ಲ. ಹೆಸರು ಬರಕೋರಿ."

ಅವಳ ಹಿಂದೆ ನಾನು ಹೆಸರು ಹೇಳಿದೆ, ಅಜ್ಜಿ ಹೇಳಿದಳು, ಎಲ್ಲರೂ ಹೇಳಿದರು. ಹವಾಲ್ದಾರ ಬರೆದುಕೊಂಡ. ಬೆಳಿಗ್ಗೆ ಠಾಣೆಗೆ ಬರಬೇಕಂತೆ. ಅತ್ತೆ ಬೈಯುತ್ತ ಹೋದಳು, ಜೀಪಿನಲ್ಲಿ ಅವಳೊಬ್ಬಳೇ.

ಸಂಜೆ ಹಿಟ್ಟು ತಂದು ರೊಟ್ಟಿ ಬಡಿದೆ. ಪುಂಡಿ ಪಲ್ಯ, ಶೇಂಗಾ ಚಟ್ನಿ, ಉಡಿಯ ಅಕ್ಕಿಯದೇ ಅನ್ನ. ಹುಡುಗಿ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು. ನಾನು ಗಂಗಾಳ ತೊಳೆದು ಒಳಗೆ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.